ಮೂರನೇ ಬೆಂಚಿನ ಮೇಲಿಟ್ಟ ಫೋನು

ಜುಲೈ ತಿಂಗಳ ಮಳೆ ಹೇಗಿರುತ್ತದೆ ಅಂತ ಉಡುಪಿಯವರಿಗೆ ಹೇಳಬೇಕಾಗಿಲ್ಲ. ಹಂಚಿನ ಮಾಡಿನ ಕೆಳಗೆ ಪಾಠ ಮಾಡಿದವರಿಗಂತೂ ಬೇಡವೇ ಬೇಡ. ಮೊದಲು ಕಡಲ ಕಡೆಯ ಕಿಟಕಿ ಕಪ್ಪಾಗುತ್ತದೆ. ಆಮೇಲೆ ತೆಂಗಿನ ಗರಿಗಳು ಹೊಯ್ದಾಡುತ್ತವೆ. ಅಷ್ಟರಲ್ಲಿ ಬಂತು. ಮತ್ತೆ ಟೀಚರ್ ಬಾಯಿ ಆಡಿಸುವುದು ಮಕ್ಕಳಿಗೆ ಕಾಣುತ್ತದೆ, ಮಾತು ಮಾತ್ರ ಕೇಳಿಸುವುದಿಲ್ಲ. ಅಂಥ ಹೊತ್ತಲ್ಲಿ ನಾನು ಮಾಡುವುದು ಒಂದೇ ಕೆಲಸ. ಬೋರ್ಡಿಗೆ ಬೆನ್ನು ಕೊಟ್ಟು ಸುಮ್ನೆ ನಿಲ್ಲುವುದು.

ಐದು ವರ್ಷ ಒದ್ದಾಡಿ ಮುಗಿಸಿದ ನನ್ನ ಪಿಎಚ್‌ಡಿಯಲ್ಲಿ ಏನಾದರೂ ಹುರುಳಿದ್ದರೆ, ಅದು ಹಾಗೆ ಸುಮ್ನೆ ನಿಂತಿದ್ದ ನಾಲ್ಕು ನಿಮಿಷದಲ್ಲಿ ಸಿಕ್ಕಿದ್ದು.

ನಾನು ಇಂಗ್ಲಿಷ್ ಟೀಚರ್. ಉಡುಪಿಯಿಂದ ಮಲ್ಪೆಗೆ ಹೋಗುವ ದಾರಿಯಲ್ಲಿರುವ ಒಂದು ಕನ್ನಡ ಮಾಧ್ಯಮ ಹೈಸ್ಕೂಲು. ಮಕ್ಕಳಲ್ಲಿ ಅರ್ಧಕ್ಕರ್ಧ ಮೀನುಗಾರರ ಮನೆಯವರು. ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ ಇರುವುದರಿಂದ ಅಪ್ಪಂದಿರು ಮನೆಯಲ್ಲಿರುತ್ತಾರೆ. ಪೇರೆಂಟ್ಸ್ ಮೀಟಿಂಗಿಗೆ ಗಂಡಸರ ಮುಖ ಕಾಣುವುದು ಆಗ ಮಾತ್ರ. ನನ್ನ ಸಂಶೋಧನೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿದ್ದೂ ಅದೇ ಮೀಟಿಂಗಿನಲ್ಲಿ. ಒಬ್ಬರು ಪತ್ರವನ್ನು ಎರಡು ಸಲ ಓದಿ, "ಇದಕ್ಕೆ ಮಕ್ಕಳಿಗೆ ಮಾರ್ಕ್ಸ್ ಉಂಟಾ ಟೀಚರ್?" ಅಂತ ಕೇಳಿದರು. ಇಲ್ಲ ಅಂದೆ. "ನಿಮಗೆ?" ಅಂದರು. ಅದಕ್ಕೆ ಏನು ಹೇಳುವುದು!

ಇಂಗ್ಲಿಷ್ ಕಲಿಸುವುದರ ಬಗ್ಗೆ ಸಂಶೋಧನೆ ಅಂದರೆ ಜನ ಏನೇನೋ ಅಂದುಕೊಳ್ಳುತ್ತಾರೆ. ನನ್ನದು ಬಹಳ ಸರಳ. ಎಂಟನೇ ಕ್ಲಾಸಿನಲ್ಲಿ ನಾನು ಮಾಡುವ ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡುವುದು. ಆಮೇಲೆ ಕೇಳಿ, ಒಂದೊಂದು ಮಾತನ್ನೂ ಬರೆದುಕೊಳ್ಳುವುದು. ಯಾರು ಕೇಳಿದರು, ಯಾರು ಉತ್ತರಿಸಿದರು, ನಡುವೆ ಎಷ್ಟು ಹೊತ್ತು ಮೌನ ಇತ್ತು, ಯಾರು ಕೆಮ್ಮಿದರು, ಎಲ್ಲ. ನಲವತ್ತು ನಿಮಿಷದ ಒಂದು ಪೀರಿಯಡ್ ಬರೆಯಲು ನನಗೆ ಒಂದು ಇಡೀ ಭಾನುವಾರ ಹೋಗುತ್ತಿತ್ತು.

ಮೊದಲ ಕೆಲವು ರೆಕಾರ್ಡಿಂಗ್ ಕಸದ ಬುಟ್ಟಿಗೆ ಹೋದವು. ಫೋನನ್ನು ಟೇಬಲ್ ಮೇಲೆ ಇಟ್ಟ ಕೂಡಲೇ ಎಲ್ಲರೂ ಒಳ್ಳೆಯವರಾಗಿಬಿಟ್ಟರು. ಮಕ್ಕಳೂ, ನಾನೂ. ನನ್ನ ಇಂಗ್ಲಿಷ್ ರೇಡಿಯೊದವರ ಥರ ಕೇಳಿಸುತ್ತಿತ್ತು. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲೆಬೊವ್ ಇದನ್ನು 1970ರ ದಶಕದಲ್ಲೇ ಹೇಳಿದ್ದರು. ಯಾರೂ ಗಮನಿಸದಿರುವಾಗ ಜನ ಹೇಗೆ ಮಾತಾಡುತ್ತಾರೆ ಅಂತ ನಮಗೆ ಗೊತ್ತಾಗಬೇಕು, ಆದರೆ ಅದು ಗೊತ್ತಾಗಬೇಕಾದರೆ ನಾವು ಗಮನಿಸಲೇಬೇಕು. ಓದುವಾಗ ತಲೆಯಾಡಿಸಿದ್ದೆ. ನನ್ನ ಕ್ಲಾಸಲ್ಲೇ ಆಗುವವರೆಗೆ ಅರ್ಥವಾಗಿರಲಿಲ್ಲ.

ಎರಡು ವಾರ ಕಳೆದ ಮೇಲೆ ಫೋನು ಡಸ್ಟರ್ ಇದ್ದ ಹಾಗೆ ಆಯಿತು. ಯಾರೂ ಅದರ ಕಡೆ ನೋಡಲಿಲ್ಲ. ಆಗ ಶುರುವಾಯಿತು ನನ್ನ ಸಂಕಟ.

ನನ್ನ ಸ್ವರ ನನಗೇ ಕೇಳಲಾಗಲಿಲ್ಲ. ಎಷ್ಟು ಮಾತಾಡುತ್ತೇನೆ ಮಾರಾಯ್ರೆ! ಪ್ರಶ್ನೆ ಕೇಳುತ್ತೇನೆ. ಮಗು ಬಾಯಿ ತೆರೆಯುವ ಮೊದಲೇ ಅದನ್ನೇ ಬೇರೆ ಥರ ಕೇಳುತ್ತೇನೆ. ಆಮೇಲೆ ಉತ್ತರದ ಅರ್ಧ ನಾನೇ ಹೇಳುತ್ತೇನೆ. ಉಳಿದರ್ಧವನ್ನು ಇಡೀ ಕ್ಲಾಸು ಹಾಡಿದ ಹಾಗೆ ಹೇಳುತ್ತದೆ. ನಾನು "ವೆರಿ ಗುಡ್" ಅನ್ನುತ್ತೇನೆ. ಯಾರಿಗೆ ಗುಡ್ಡೋ. ಮೇರಿ ಬಡ್ ರೋ ಎಂಬವರು ಅಮೆರಿಕದ ವಿಜ್ಞಾನದ ಕ್ಲಾಸುಗಳಲ್ಲಿ ಇದನ್ನೇ ಅಳೆದು 1974ರಲ್ಲಿ ಬರೆದಿದ್ದಾರೆ. ಪ್ರಶ್ನೆ ಕೇಳಿದ ಮೇಲೆ ಟೀಚರ್‌ಗಳು ಕಾಯುವುದು ಹೆಚ್ಚುಕಡಿಮೆ 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಯಾವತ್ತೂ ಮಾತಾಡದವರೂ ಮಾತಾಡುತ್ತಾರೆ. ಆ ಮಕ್ಕಳು ಉತ್ತರ ಹೇಳಬೇಕಿದ್ದದ್ದು ತಮ್ಮ ಶಾಲೆಯ ಮಾತಿನಲ್ಲೇ. ನಮ್ಮ ಮಗು ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿಸಿಕೊಂಡು, ತುಳುವಿನಲ್ಲೋ ಕನ್ನಡದಲ್ಲೋ ಯೋಚಿಸಿ, ಮತ್ತೆ ಇಂಗ್ಲಿಷಿಗೆ ಏರಬೇಕು. ಅದಕ್ಕೂ ನಾನು ಕೊಡುತ್ತಿದ್ದದ್ದು ಒಂದು ಉಸಿರಿನಷ್ಟು ಹೊತ್ತು.

ತಪ್ಪು ತಿದ್ದುವ ವಿಷಯವಂತೂ ಇನ್ನೂ ಚಂದ. ಒಂದು ಟೇಪಿನಲ್ಲಿ ಹೀಗೆ ಬರುತ್ತದೆ. ಹುಡುಗ ಹೇಳುತ್ತಾನೆ, "ಎಸ್ಟರ್‌ಡೇ ಮೈ ಫಾದರ್ ಗೋ ಟು ಗಂಗೊಳ್ಳಿ." ನಾನು ಮೃದುವಾಗಿ, "ಯೆಸ್, ಹಿ ವೆಂಟ್ ಟು ಗಂಗೊಳ್ಳಿ." ಅವನು ಖುಷಿಯಲ್ಲಿ, "ಯೆಸ್ ಟೀಚರ್!" ನಾನು ತಿದ್ದಿದೆ ಅಂದುಕೊಂಡೆ. ಅವನು ನಾನು ಒಪ್ಪಿದೆ ಅಂದುಕೊಂಡ. ಕೆನಡಾದಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ಓದುತ್ತಿದ್ದ ಇಂಗ್ಲಿಷ್ ಮಕ್ಕಳ ಕ್ಲಾಸುಗಳನ್ನು ರೆಕಾರ್ಡ್ ಮಾಡಿ, ಲಿಸ್ಟರ್ ಮತ್ತು ರಾಂಟಾ ಎಂಬ ಇಬ್ಬರು 1997ರಲ್ಲಿ ಇದನ್ನೇ ತೋರಿಸಿದರು. ಟೀಚರ್‌ಗಳು ತಿದ್ದಿದ್ದರಲ್ಲಿ ನೂರಕ್ಕೆ 55 ಸಲ ಹೀಗೆ ಸರಿ ರೂಪವನ್ನು ತಾವೇ ಹೇಳಿಬಿಡುವುದು. ಅದಕ್ಕೆ ಮಕ್ಕಳು ಏನಾದರೂ ಪ್ರತಿಕ್ರಿಯೆ ತೋರಿಸಿದ್ದು ನೂರಕ್ಕೆ 31 ಸಲ ಮಾತ್ರ. ನಿಂತು, "ಎಸ್ಟರ್‌ಡೇ ಅಂದೆಯಲ್ಲ, ಮತ್ತೆ?" ಅಂತ ಮಗುವಿನ ಬಾಯಿಂದಲೇ ಹೊರಡಿಸಿದಾಗ ಫಲ ಜಾಸ್ತಿ. ಆ ಪೇಪರ್ ಓದಿದ ರಾತ್ರಿ ನನಗೆ ಸ್ವಲ್ಪ ನಾಚಿಕೆಯೂ ಆಯಿತು, ಸ್ವಲ್ಪ ಸಮಾಧಾನವೂ ಆಯಿತು. ಕೆನಡಾದವರೂ ನನ್ನ ಹಾಗೇ ಅಲ್ವಾ ಅಂತ.

ಇನ್ನು ಮಳೆಯ ದಿನಕ್ಕೆ ಬರುತ್ತೇನೆ.

ಆ ದಿನದ ಪಾಠವನ್ನು ನಾನು ಎನ್.ಎಸ್. ಪ್ರಭು ಅವರ ದಾರಿಯಲ್ಲಿ ಮಾಡಿಕೊಂಡಿದ್ದೆ. ಭಾಷೆ ಕಲಿಸುವವರ ಲೋಕದಲ್ಲಿ 'ಬೆಂಗಳೂರು ಪ್ರಾಜೆಕ್ಟ್' ಅಂದರೆ ಎಲ್ಲರಿಗೂ ಗೊತ್ತು. ನಮ್ಮೂರಲ್ಲೇ ಯಾರಿಗೂ ಗೊತ್ತಿಲ್ಲ. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಧಾರಣ ಶಾಲೆಗಳಲ್ಲಿ ಪ್ರಭು ಮತ್ತು ಅವರ ಜೊತೆಯವರು ಒಂದು ಪ್ರಯೋಗ ಮಾಡಿದರು. ವ್ಯಾಕರಣ ಪಾಠವೇ ಇಲ್ಲ. ಬದಲಿಗೆ ಮಕ್ಕಳಿಗೆ ಬಿಡಿಸಲು ಏನಾದರೊಂದು ಸಮಸ್ಯೆ. ರೈಲಿನ ವೇಳಾಪಟ್ಟಿ ಕೊಟ್ಟು ಯಾವ ರೈಲು ಹಿಡಿಯಬೇಕು, ನಕ್ಷೆ ಕೊಟ್ಟು ಯಾವ ದಾರಿ ಹತ್ತಿರ, ಹೀಗೆ. ಮೊದಲು ಟೀಚರ್ ಅಂಥದ್ದೇ ಒಂದನ್ನು ಇಡೀ ಕ್ಲಾಸಿನ ಜೊತೆ ಬಿಡಿಸುತ್ತಾರೆ. ಆಮೇಲೆ ಮಗು ತಾನೇ ಬಿಡಿಸುತ್ತದೆ. ಲೆಕ್ಕ ಬಿಡಿಸುವುದರಲ್ಲಿ ಮುಳುಗಿದ ಮಗು ಭಾಷೆಯನ್ನು ಗೊತ್ತಿಲ್ಲದೆಯೇ ಒಳಗೆ ಹಾಕಿಕೊಳ್ಳುತ್ತದೆ ಅನ್ನುವುದು ನಂಬಿಕೆ. ಇವತ್ತು ಜಗತ್ತಿನ ಎಲ್ಲ ಕಡೆ 'ಟಾಸ್ಕ್' ಅಂತ ಮಾಡುವ ಪಾಠಗಳಿಗೆ ಒಂದು ಮುಖ್ಯ ಬೇರು ಇಲ್ಲಿದೆ. ನನ್ನ ಬಿ.ಎಡ್. ನೋಟ್ಸಿನಲ್ಲಿ ಪ್ರಭು ಅವರ ಬಗ್ಗೆ ಇದ್ದದ್ದು ಒಂದೂವರೆ ಸಾಲು.

ನಮ್ಮ ಮಕ್ಕಳಿಗೆ ರೈಲಿಗಿಂತ ಬಸ್ಸು ಹತ್ತಿರ. ಹಾಗಾಗಿ ಒಂದು ಬಸ್ಸಿನ ಪಟ್ಟಿ ಬರೆದೆ. ಮಲ್ಪೆಯಿಂದ ಉಡುಪಿಗೆ, ಉಡುಪಿಯಿಂದ ಕುಂದಾಪುರಕ್ಕೆ. ಸಮಯ ಎಲ್ಲ ನಾನೇ ಹಾಕಿದ್ದು. ಒಬ್ಬರು ಅಜ್ಜಿ ಹನ್ನೊಂದಕ್ಕೆ ಮೊದಲು ಕುಂದಾಪುರದ ಆಸ್ಪತ್ರೆ ತಲುಪಬೇಕು. ಮಲ್ಪೆಯಲ್ಲಿ ಅವರು ಹತ್ತಬಹುದಾದ ಕೊನೆಯ ಬಸ್ಸು ಯಾವುದು? ಪ್ರಶ್ನೆ ಇಂಗ್ಲಿಷಿನಲ್ಲಿ. ಉತ್ತರವೂ ಇಂಗ್ಲಿಷಿನಲ್ಲಿ ಬೇಕು. ಕಾರಣ ಸಮೇತ.

ಹಾಳೆ ಹಂಚಿದ್ದೇ ತಡ, ಮಳೆ ಬಂತು. ನಾನು ನಿಂತೆ. ಫೋನು ಆ ದಿನ ಮೂರನೇ ಬೆಂಚಿನ ಮೇಲೆ ಇತ್ತು. ನನ್ನ ಟೇಬಲ್ ಮೇಲೆ ಹಂಚಿನ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಅಷ್ಟೇ ಕಾರಣ. ಸಂಶೋಧನೆಯ ವಿಧಾನ ಅಂತ ಪ್ರಬಂಧದಲ್ಲಿ ಬೇರೆ ಏನೋ ಬರೆದಿದ್ದೇನೆ, ಬಿಡಿ.

ಭಾನುವಾರ ಕೇಳಲು ಕೂತೆ. ಮಳೆಯ ಸದ್ದಿನಲ್ಲಿ ನನ್ನ ಸ್ವರ ಪೂರ್ತಿ ಮಾಯ. ಫೋನಿನ ಹತ್ತಿರ ಇದ್ದವರ ಪಿಸುಮಾತು ಮಾತ್ರ ಕಿವಿಯಲ್ಲೇ ಹೇಳಿದ ಹಾಗೆ ಕೇಳುತ್ತಿದೆ.

"ಬಿಫೋರ್ ಪಂಡ ದಾದ?"

"ದುಂಬು."

"ಪತ್ತೊಂಜಿಗ್ ದುಂಬು ಎತ್ತೊಡು."

ಬಿಫೋರ್ ಅಂದರೆ ಏನು ಅಂತ ಒಬ್ಬ. ಮೊದಲು ಅಂತ ಇನ್ನೊಬ್ಬ. ಹನ್ನೊಂದಕ್ಕೆ ಮೊದಲು ತಲುಪಬೇಕು ಅಂತ ಮತ್ತೊಬ್ಬಳು. ಆಮೇಲೆ ಬೆರಳು ಹಾಳೆಯ ಮೇಲೆ ಓಡಿಸುವ ಸದ್ದು. ಒಬ್ಬ ಒಂದು ಬಸ್ಸು ಹೇಳುತ್ತಾನೆ. ಹುಡುಗಿ ಒಪ್ಪುವುದಿಲ್ಲ. ಉಡುಪಿಯಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಲು ಮೂರೇ ನಿಮಿಷ ಇದೆ. "ಅಜ್ಜಿಗ್ ಬೇಗ ನಡಪರೆ ಆಪುಜಿ ಮಾರೆ." ಅಜ್ಜಿಗೆ ಬೇಗ ನಡೆಯಲು ಆಗುವುದಿಲ್ಲ. ಇದು ನನ್ನ ಉತ್ತರದಲ್ಲಿ ಇರಲೇ ಇಲ್ಲ! ಗಡಿಯಾರದ ಲೆಕ್ಕ ನಾನು ಮಾಡಿದ್ದೆ. ಅಜ್ಜಿಯ ಕಾಲಿನ ಲೆಕ್ಕ ಅವಳು ಮಾಡಿದಳು.

ಮಳೆ ನಿಂತ ಮೇಲೆ ಅದೇ ಹುಡುಗಿ ಎದ್ದು ಇಂಗ್ಲಿಷಿನಲ್ಲಿ ಹೇಳಿದ್ದು ಟೇಪಿನಲ್ಲಿ ಸ್ಪಷ್ಟವಾಗಿದೆ. "ಗ್ರ್ಯಾಂಡ್‌ಮದರ್ ವಾಕ್ ಸ್ಲೋ. ಸೋ, ಬಿಫೋರ್ ಬಸ್."

ಬಿಫೋರ್ ಬಸ್. ದುಂಬುದ ಬಸ್. ಅವತ್ತು ಕ್ಲಾಸಿನಲ್ಲಿ ನಾನು ಏನು ಮಾಡಿದೆ ಗೊತ್ತಾ? "ಅರ್ಲಿಯರ್ ಬಸ್" ಅಂತ ತಿದ್ದಿ ಮುಂದೆ ಹೋದೆ. ಆ ಎರಡು ಶಬ್ದದ ಹಿಂದೆ ಎಷ್ಟು ಕೆಲಸ ನಡೆದಿತ್ತು ಅಂತ ಗೊತ್ತಾದದ್ದು ಭಾನುವಾರ. ಪಿಟ್ ಕಾರ್ಡರ್ ಅನ್ನುವವರು 1967ರಲ್ಲಿ, ಲ್ಯಾರಿ ಸೆಲಿಂಕರ್ 1972ರಲ್ಲಿ ಬರೆದದ್ದು ಇದನ್ನೇ. ಕಲಿಯುವವರ ತಪ್ಪು ಅಂದರೆ ಅಡ್ಡಾದಿಡ್ಡಿ ಬಿದ್ದ ಕಸ ಅಲ್ಲ, ಅದಕ್ಕೊಂದು ಲೆಕ್ಕ ಇರುತ್ತದೆ. ಮನೆಯ ಭಾಷೆಗೂ ಕಲಿಯುವ ಭಾಷೆಗೂ ನಡುವೆ ಮಗು ತನ್ನದೇ ಒಂದು ಭಾಷೆ ಕಟ್ಟಿಕೊಂಡಿರುತ್ತದೆ. ಪರೀಕ್ಷೆಗೆ ಬರೆಯುವಾಗ ಈ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿದ್ದೆ. 'ಬಿಫೋರ್ ಬಸ್' ಕೇಳಿದ ಮೇಲೆ ಆ ಪುಟಗಳನ್ನು ಮತ್ತೆ ತೆರೆದೆ.

ಅಷ್ಟಕ್ಕೂ ಆ ಪಿಸುಮಾತು ನನಗೆ ಹೊಸತಾಗಿರಲಿಲ್ಲ. ಹದಿನಾಲ್ಕು ವರ್ಷ ಅದನ್ನು ಕೇಳಿದ್ದೇನೆ. ಗಲಾಟೆ ಅಂತ ಕರೆಯುತ್ತಿದ್ದೆ. "ನೋ ತುಳು!" ಅಂತ ಡಸ್ಟರಿನಲ್ಲಿ ಟೇಬಲ್ ಕುಟ್ಟುತ್ತಿದ್ದೆ. ನನ್ನ ಮೊದಲ ನೌಕರಿ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ. ಅಲ್ಲಿ ತುಳು ಮಾತಾಡಿದರೆ ಎರಡು ರೂಪಾಯಿ ದಂಡ. ಡಬ್ಬಿ ನನ್ನ ಕೈಯಲ್ಲೇ ಇರುತ್ತಿತ್ತು. ನಾನು ಚೆನ್ನಾಗಿಯೇ ವಸೂಲಿ ಮಾಡುತ್ತಿದ್ದೆ ಅಂತ ಹೇಳಲು ಈಗ ಮುಜುಗರ.

ಇಲ್ಲಿ ಒಂದು ತಮಾಷೆ ಇದೆ. ಪ್ರಭು ತಮ್ಮ ಪ್ರಯೋಗದಲ್ಲಿ ಮಕ್ಕಳನ್ನು ಗುಂಪು ಮಾಡಿ ಕೂರಿಸುವುದನ್ನು ಬೇಕೆಂದೇ ಬಿಟ್ಟಿದ್ದರು. ಅರೆಬರೆ ಭಾಷೆಯವರು ತಮ್ಮತಮ್ಮೊಳಗೇ ಮಾತಾಡಿಕೊಂಡರೆ ಅರೆಬರೆಯೇ ಗಟ್ಟಿಯಾಗುತ್ತದೆ ಅನ್ನುವುದು ಅವರ ಅಂಜಿಕೆ. ಅವರ ದಾರಿಯಲ್ಲೇ ಹೊರಟ ನನಗೆ ಸಿಕ್ಕಿದ್ದು ಅವರು ಬೇಡ ಅಂದದ್ದರಲ್ಲಿ. ಆದರೆ ಆ ಪ್ರಭು ಅವರೇ 1990ರಲ್ಲಿ, ಎಲ್ಲರಿಗೂ ಸಲ್ಲುವ ಒಂದು ಅತ್ಯುತ್ತಮ ವಿಧಾನ ಅಂತ ಯಾವುದೂ ಇಲ್ಲ ಅಂತ ಬರೆದರು. ಕಲಿಕೆ ಹೀಗೆ ಆಗುತ್ತದೆ ಅಂತ ಟೀಚರ್‌ಗೆ ಒಳಗೊಂದು ಅಂದಾಜು ಇರುತ್ತದಲ್ಲ, ಅದು ಜೀವಂತವಾಗಿ ಇರಬೇಕು ಅಂದರು. ಹಾಗಾಗಿ ಅವರು ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ.

ನಾನು ತುಳುವಿನ ಕಡೆ ತಿರುಗಿದೆ. ಮನೆಯಲ್ಲಿ ನಾನೂ ಆಡುವ ಭಾಷೆ. ಅದಕ್ಕೊಂದು ವ್ಯಾಕರಣ ಇದೆ ಅಂತ ಯೋಚಿಸಿಯೇ ಇರಲಿಲ್ಲ. ಮಂಗಳೂರಿನ ಬಲ್ಮಠದ ಗುಡ್ಡದ ಮೇಲಿನ ಲೈಬ್ರರಿಗೆ ಹೋದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರಿಗೆ ಇಲ್ಲಿಯ ಭಾಷೆ ಕಲಿಯದೆ ಗತಿ ಇರಲಿಲ್ಲ. ಬ್ರಿಗೆಲ್ 1872ರಲ್ಲಿ ತುಳು ವ್ಯಾಕರಣ ಬರೆದರು. ಮ್ಯಾನರ್ 1886ರಲ್ಲಿ ತುಳು ನಿಘಂಟು ತಂದರು. ಕಿಟ್ಟೆಲ್ಲರ ಕನ್ನಡ ನಿಘಂಟು 1894ರದ್ದು, ಅದು ಎಲ್ಲರಿಗೂ ಗೊತ್ತು. ಪರಭಾಷೆ ಕಲಿಯಲು ಇಷ್ಟು ಕಷ್ಟಪಟ್ಟವರು ಈ ಊರಲ್ಲೇ ಇದ್ದರು. ಅವರು ಕಲಿತದ್ದು ನಮ್ಮ ಭಾಷೆಯನ್ನು, ಅಷ್ಟೇ ವ್ಯತ್ಯಾಸ.

ಬ್ರಿಗೆಲ್ ಓದುತ್ತಾ ನಗು ಬಂತು. 'ಪ್ರೆಸೆಂಟ್ ಪರ್ಫೆಕ್ಟ್' ಅಂತ ನಾನು ಒಂದು ವಾರ ಒದ್ದಾಡಿ ಕಲಿಸುವುದನ್ನು ಮಕ್ಕಳು ಬೆಳಗ್ಗಿಂದ ರಾತ್ರಿವರೆಗೆ ಆಡುತ್ತಾರೆ. 'ಡಾಕ್ಟ್ರು ಬತ್ತೆರ್' ಅಂದರೆ ಬಂದರು. 'ಡಾಕ್ಟ್ರು ಬೈದೆರ್' ಅಂದರೆ ಬಂದಿದ್ದಾರೆ, ಇಲ್ಲೇ ಇದ್ದಾರೆ, ಹೋಗಿ ತೋರಿಸಿಕೊಳ್ಳಬಹುದು. ಈ ಎರಡನ್ನು ಬೋರ್ಡಿನ ಮೇಲೆ ಬರೆದು, ಕೆಳಗೆ 'ಕೇಮ್', 'ಹ್ಯಾಸ್ ಕಮ್' ಅಂತ ಬರೆದ ದಿನ ಹಿಂದಿನ ಬೆಂಚಿನಿಂದ "ಓ, ಇಷ್ಟೇಯಾ" ಅಂತ ಸದ್ದು ಬಂತು. ಪೂರ್ತಿ ಹೊಂದುವುದಿಲ್ಲ. ಕನ್ನಡದಲ್ಲಿ 'ನಿನ್ನೆಯೇ ಬಂದಿದ್ದಾರೆ' ಅಂದರೆ ನಡೆಯುತ್ತದೆ. ಇಂಗ್ಲಿಷಿನಲ್ಲಿ 'ಎಸ್ಟರ್‌ಡೇ' ಜೊತೆ 'ಹ್ಯಾಸ್ ಕಮ್' ನಡೆಯುವುದಿಲ್ಲ. ಆದರೂ ಅರ್ಧ ದಾರಿ ಮಕ್ಕಳು ಮೊದಲೇ ನಡೆದಿದ್ದರು. ನಾನು ಅವರನ್ನು ಮತ್ತೆ ಗೇಟಿನಿಂದ ಶುರು ಮಾಡಿಸುತ್ತಿದ್ದೆ.

ಇನ್ನೊಂದು ಹೇಳಲೇಬೇಕು. ಒಬ್ಬಳು ಹುಡುಗಿ ಭಾನುವಾರದ ಪ್ಲ್ಯಾನ್ ಬಗ್ಗೆ ಹೇಳುವಾಗ, "ವಿ... ವಿ..." ಅಂತ ತಡವರಿಸಿ, ಕೊನೆಗೆ "ವಿ, ಟೀಚರ್ ನಾಟ್, ಆರ್ ಗೋಯಿಂಗ್ ಟು ಕೋಲ" ಅಂದಳು. ಕ್ಲಾಸು ನಕ್ಕಿತು. ನಾನೂ ನಕ್ಕೆ. ತುಳುವಿನಲ್ಲಿ 'ನಾವು' ಎರಡು. ಎದುರಿಗಿದ್ದವರನ್ನೂ ಸೇರಿಸಿಕೊಂಡರೆ 'ನಮ'. ಅವರನ್ನು ಬಿಟ್ಟರೆ 'ಎಂಕುಲು'. ಇಂಗ್ಲಿಷಿನ 'ವಿ' ಇವೆರಡನ್ನು ಕಲಸಿಬಿಡುತ್ತದೆ, ನಮ್ಮ ಕನ್ನಡವೂ ಅಷ್ಟೇ. ಕೋಲಕ್ಕೆ ಟೀಚರ್‌ನ್ನು ಕರೆದಿದ್ದೇನೆ ಅಂತ ಟೀಚರ್ ತಪ್ಪು ತಿಳಿಯಬಾರದು ಅಂತ ಆ ಹುಡುಗಿಯ ಕಾಳಜಿ. ಅವಳ ವಾಕ್ಯ ತಪ್ಪು, ನಿಜ. ಆದರೆ ಇಂಗ್ಲಿಷಿನಲ್ಲಿ ಇಲ್ಲದ್ದನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟವಳು ಅವಳೊಬ್ಬಳೇ.

ಇದೆಲ್ಲ ಬರೆದುಕೊಂಡು ಗೈಡ್ ಹತ್ತಿರ ಹೋದೆ. ಅವರು ಪುಟ ತಿರುಗಿಸಿ, ತುಳು ಇದ್ದ ಕಡೆಯೆಲ್ಲ ಕೆಂಪು ಗೆರೆ ಹಾಕಿದರು. "ನಿಮ್ಮ ವಿಷಯ ಇಂಗ್ಲಿಷ್. ಇದು ಡೇಟಾ ಅಲ್ಲ, ನಾಯ್ಸ್" ಅಂದರು. ಅವರದ್ದೂ ತಪ್ಪು ಅನ್ನಲಾಗದು. ನಾನೂ ಹದಿನಾಲ್ಕು ವರ್ಷ ಅದನ್ನೇ ಅಂದವಳು, ಕನ್ನಡದಲ್ಲಿ. ಮತ್ತೆ ಕೇಳಿದರು, "ಮಕ್ಕಳ ಪಟ್ಟಿ ಎಲ್ಲಿ? ಪ್ರಥಮ ಭಾಷೆ, ದ್ವಿತೀಯ ಭಾಷೆ ತುಂಬಿಸಿ."

ಆ ಪಟ್ಟಿ ನನ್ನನ್ನು ಬಹಳ ಸತಾಯಿಸಿತು. ಶಾಲೆಯ ಲೆಕ್ಕದಲ್ಲಿ ಪ್ರಥಮ ಭಾಷೆ ಕನ್ನಡ, ದ್ವಿತೀಯ ಭಾಷೆ ಇಂಗ್ಲಿಷ್, ತೃತೀಯ ಭಾಷೆ ಹಿಂದಿ. ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಕೆಲವು ಶಾಲೆಗಳಲ್ಲಿ ತುಳುವನ್ನೂ ತೃತೀಯ ಭಾಷೆಯಾಗಿ ಆರಿಸಿಕೊಳ್ಳಬಹುದು. ಅಂದರೆ ಅಮ್ಮನ ಭಾಷೆ ಮಗುವಿಗೆ ಮೂರನೆಯದು! ಕೊಂಕಣಿಯವರು, ಬ್ಯಾರಿಯವರು ಬೇರೆ. ತುಳು ಮನೆಯ ಮಗುವಿಗೆ ಕನ್ನಡ ಎರಡನೆಯದು, ಇಂಗ್ಲಿಷ್ ಮೂರನೆಯದು. ಕೊಂಕಣಿ ಮನೆಯ ಮಗುವಿಗೆ ಬೀದಿಯ ತುಳು, ಶಾಲೆಯ ಕನ್ನಡ ಕಳೆದು ಇಂಗ್ಲಿಷ್ ನಾಲ್ಕನೆಯದು. ನಾನು ಓದಿದ ಹೆಚ್ಚಿನ ಪೇಪರುಗಳಲ್ಲಿ ಮಗು ಒಂದು ಭಾಷೆಯ ಮನೆಯಿಂದ ಹೊರಟು ಇನ್ನೊಂದಕ್ಕೆ ಹೋಗುತ್ತದೆ. ನಮ್ಮಲ್ಲಿ ಯಾವ ಮಗು ಒಂದೇ ಭಾಷೆಯಿಂದ ಹೊರಡುತ್ತದೆ?

ಒಬ್ಬನಿದ್ದ. ಕೊಪ್ಪಳದ ಕಡೆಯ ಹುಡುಗ. ಅಪ್ಪ ಅಮ್ಮ ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದವರು. ಜೂನ್‌ನಲ್ಲಿ ಸೇರಿದ. ಇಡೀ ಪಟ್ಟಿಯಲ್ಲಿ ಪ್ರಥಮ ಭಾಷೆ ಕನ್ನಡ, ದ್ವಿತೀಯ ಭಾಷೆ ಇಂಗ್ಲಿಷ್ ಅನ್ನುವುದು ಸರಿಯಾಗಿ ಒಪ್ಪುತ್ತಿದ್ದದ್ದು ಅವನಿಗೆ ಮಾತ್ರ. ಆ ಮಳೆಯ ಟೇಪನ್ನು ಮತ್ತೆ ಕೇಳಿದಾಗ, ಮೊದಲು ನನ್ನ ಕಿವಿಗೆ ಬೀಳದ ಒಂದು ಸ್ವರ ಸಿಕ್ಕಿತು. ಎಲ್ಲರೂ ಅಜ್ಜಿಯ ಬಗ್ಗೆ ತುಳುವಿನಲ್ಲಿ ಜಗಳವಾಡುತ್ತಿರುವಾಗ ಪಕ್ಕದಿಂದ, "ಏನಂತಲೇ? ಏನಂತ ಹೇಳ್ರಿ." ಯಾರೂ ಉತ್ತರ ಕೊಡಲಿಲ್ಲ. ಎರಡು ಸಲ ಕೇಳಿ ಸುಮ್ಮನಾದ. ಮಕ್ಕಳು ತುಳು ಆಡಲಿ ಅಂತ ನಾನು ಹಿಗ್ಗುತ್ತಿದ್ದೆನಲ್ಲ, ಆ ತುಳುವಿನ ಬಾಗಿಲ ಹೊರಗೆ ಒಬ್ಬ ನಿಂತಿದ್ದ. ಕನ್ನಡ ಶಾಲೆಯಲ್ಲಿ ಕನ್ನಡದ ಹುಡುಗ.

ಅವನಿಗಾಗಿ ನಾನು ವಿಶೇಷ ಏನೂ ಮಾಡಲಿಲ್ಲ. ಬೆಂಚು ಬದಲಿಸಲಾ ಅಂತ ಕೇಳಿದೆ, ಬೇಡ ಅಂದ. ಮಧ್ಯಾಹ್ನ ಊಟದ ಸಾಲು, ಕಬಡ್ಡಿ, ಸಂಜೆ ಬೀಚಿನ ಕಡೆ ಹೋಗುವುದು, ಎಲ್ಲ ಆ ಗುಂಪಿನ ಜೊತೆಗೇ. ಭಾಷೆ ಕಲಿಯುವುದರ ಬಗ್ಗೆ ಸಂಶೋಧನೆ ಮಾಡಿದ ಕ್ರಾಶೆನ್ 1982ರಲ್ಲಿ ಬರೆದ ಹಾಗೆ ಅರ್ಥವಾಗುವಷ್ಟು ಮಾತು ಕಿವಿಗೆ ಬೀಳುತ್ತಾ ಇರಬೇಕು, ಮನಸ್ಸಿಗೆ ಹೆದರಿಕೆ ಇರಬಾರದು. ಅದು ಸಾಲದು, ಆಡಲೇಬೇಕಾದ ಒತ್ತಡವೂ ಬೇಕು ಅಂತ ಮೆರಿಲ್ ಸ್ವೇನ್ 1985ರಲ್ಲಿ ಹೇಳಿದರು. ಇವರಿಬ್ಬರ ಪೈಕಿ ಯಾರು ಸರಿ ಅಂತ ನಾನು ಮೂವತ್ತು ಪುಟ ಬರೆದಿದ್ದೇನೆ. ಕಬಡ್ಡಿಯಲ್ಲಿ ಎರಡೂ ಇದೆ.

ಫೆಬ್ರವರಿಯಲ್ಲಿ ಕೊನೆಯ ರೆಕಾರ್ಡಿಂಗ್. ಅಂಥದ್ದೇ ಇನ್ನೊಂದು ಹಾಳೆ, ಈ ಸಲ ಬೋಟಿನ ಪಟ್ಟಿ. ಮಳೆ ಇಲ್ಲ. ನಾನೇ ಬೇಕೆಂದು ಬಾಯಿ ಮುಚ್ಚಿ ನಿಂತಿದ್ದೆ. ಫೋನು ಮೂರನೇ ಬೆಂಚಿನ ಮೇಲೆ.

"ಆಫ್ಟರ್ ಪಂಡ ದಾದ?"

"ಬೊಕ್ಕ."

ಉತ್ತರ ಹೇಳಿದ ಸ್ವರ ಯಾರದ್ದು ಅಂತ ಮೂರು ಸಲ ಹಿಂದೆ ಹಾಕಿ ಕೇಳಿದೆ. 'ಬೊಕ್ಕ'ವನ್ನು ನಮ್ಮ ಕಡೆಯವರು ಅಷ್ಟು ಒತ್ತಿ ಹೇಳುವುದಿಲ್ಲ. ಅದು ಕೊಪ್ಪಳದ ಒತ್ತು. ಮಲ್ಪೆಯ ಹುಡುಗನಿಗೆ ಇಂಗ್ಲಿಷ್ ಶಬ್ದದ ಅರ್ಥವನ್ನು ಅವನು ತುಳುವಿನಲ್ಲಿ ಬಿಡಿಸಿ ಹೇಳುತ್ತಿದ್ದ. ಜೂನ್‌ನಲ್ಲಿ ಆ ಇಂಗ್ಲಿಷ್ ಶಬ್ದವೂ ಅವನಿಗೆ ಗೊತ್ತಿರಲಿಲ್ಲ, ತುಳು ಶಬ್ದವೂ ಗೊತ್ತಿರಲಿಲ್ಲ. ಒಂದಕ್ಕೆ ನಾನಿದ್ದೆ, ಪುಸ್ತಕ ಇತ್ತು, ವಾರಕ್ಕೆ ಇಷ್ಟು ಪೀರಿಯಡ್ ಇತ್ತು. ಇನ್ನೊಂದಕ್ಕೆ ಏನೂ ಇರಲಿಲ್ಲ.

ಪಟ್ಟಿ ತೆಗೆದು ಅವನ ಸಾಲಿನಲ್ಲಿ ದ್ವಿತೀಯ ಭಾಷೆಯ ಕಾಲಂ ನೋಡಿದೆ. 'ಇಂಗ್ಲಿಷ್' ಅಂತ ಟೈಪ್ ಆಗಿತ್ತು. ಪೆನ್ಸಿಲಿನಲ್ಲಿ ಅದನ್ನು ಹೊಡೆದು 'ತುಳು' ಅಂತ ಬರೆದೆ. ಹಾಗೇ ತೆಗೆದುಕೊಂಡು ಹೋಗಿ ಗೈಡ್ ಎದುರಿಗೆ ಇಟ್ಟೆ.

"ಇದಕ್ಕೆ ಪ್ರೂಫ್ ಏನು?" ಅಂತ ಕೇಳಿದರು.

ಬ್ಯಾಗಿನಿಂದ ಫೋನು ತೆಗೆದೆ.